ಅಕ್ಕನ ಕಟ್ಟಿಗೆ ನೆಲ, ನನ್ನ ನಾಲ್ಕು ನಂಬರು

ಭಾಲ್ಕಿಯಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ನಾನು ಓದಿದ್ದು ಏಳನೆಯ ತರಗತಿ, ಅದೂ ಪಾಸಾಗಿಲ್ಲ. ಆದರೂ ಇಪ್ಪತ್ತು ವರ್ಷಗಳಲ್ಲಿ ಒಬ್ಬರ ಜೋಳ ಇನ್ನೊಬ್ಬರ ಮನೆಗೆ ಹೋದ ಉದಾಹರಣೆ ಇಲ್ಲ. ಡಬ್ಬಿ ಬಂದ ಕೂಡಲೇ ಮುಚ್ಚಳದ ಮೇಲೆ ಚಾಕ್‌ಪೀಸಿನಿಂದ ನಂಬರು, ಚೀಟಿಯಲ್ಲಿ ಆ ನಂಬರಿನ ಮುಂದೆ ಹೆಸರು. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬರುವ ಬೀದರಿನ ಅಕ್ಕನ ಡಬ್ಬಿಗೂ ಇದೇ ಕಾಯಿದೆ. ಇಂಥ ಮನುಷ್ಯನಿಗೆ ಒಂದು ನೆಲದ ಕಟ್ಟಿಗೆ ಆರಿಸುವುದು ಯಾವ ದೊಡ್ಡ ಕೆಲಸ!

ಕೆಲಸ ಕೊಟ್ಟವಳು ಆ ಅಕ್ಕನೇ, ಶಾಂತಮ್ಮ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನಿಂತೇ ನರ್ಸ್ ಕೆಲಸ ಮಾಡಿದವಳು. ಮೊಣಕಾಲೂರಿ ಪ್ರಾರ್ಥನೆ ಮಾಡದೆ ಅವಳಿಗೆ ಬೆಳಗಾಗುವುದಿಲ್ಲ. ಊರಿದರೆ ಶಹಾಬಾದ ಕಲ್ಲಿನ ನೆಲದ ತಂಡಿಗೆ ಮೇಲೇಳಲು ಆಗುವುದಿಲ್ಲ. ಕುರ್ಚಿ ಹಾಕಿಕೊಳ್ಳಲು ನಾನು ಹೇಳಿದ್ದೆ.

"ದೇವರ ಮುಂದ ಡಾಕ್ಟರಂಗ ಕುರ್ಚಿ ಮ್ಯಾಲ ಕೂಡ್ಲೇನು?" ಎಂದಳು.

ಹೀಗಾಗಿ ಒಂದು ಕೋಣೆಗೆ ಕಟ್ಟಿಗೆಯ ನೆಲ.

"ಅಂಗಡಿ ಮಹಡಿ ಮ್ಯಾಲ ಅದ, ನನಗ ಹತ್ಲಿಕ್ಕ ಆಗಲ್ಲ. ನೀನೇ ನೋಡಿ ಆರಸೋ ತಮ್ಮಾ. ಒಂದೇ ಮಾತು ನೆನಪಿಡು, ನಾ ನೀರು ಹಾಕಿ ತೊಳಿಯಾಕಿ. ಬರೇ ಒರಸಿದ್ರ ನನಗ ಹೊಲಸ ಅನಸ್ತದ."

ಬೀದರಿನ ಆ ಅಂಗಡಿಯಲ್ಲಿ ನನಗೆ ಹುಚ್ಚೇ ಹಿಡಿಯಿತು. ಜಗತ್ತಿನಲ್ಲಿ ಇಷ್ಟು ಬಗೆಯ ಕಟ್ಟಿಗೆ ಇದೆಯೇ! ಒಂದನ್ನು ಮೂಸಿದೆ, ಒಂದನ್ನು ಬಡಿದೆ, ಒಂದಕ್ಕೆ ನಾಲಿಗೆ ಹಚ್ಚಿದೆ.

"ಸಾಹೇಬ್ರ, ನೆಕ್ಕಬ್ಯಾಡ್ರಿ. ಪಾಲಿಶ್ ಅದ," ಎಂದ ಅಂಗಡಿಯವನು. "ಸಾಗವಾನಿ ಒಯ್ರಿ. ಕಣ್ಣು ಮುಚ್ಚಿ ಹಾಕಸ್ರಿ."

ಸಾಗವಾನಿ ಎಲ್ಲರಿಗೂ ಗೊತ್ತು. ಗೊತ್ತಿರುವುದನ್ನೇ ಆರಿಸಲು ನಾನೇಕೆ ಬೇಕು? ಹೆಸರೇ ಕೇಳದ ನಾಲ್ಕು ಜಾತಿಯ ತುಕಡಿ ಕೇಳಿದೆ: ಓಕ್, ಮೇಪಲ್, ಬೀಚ್, ಆ್ಯಶ್. ನಾಲ್ಕೂ ಬಿಳಿಚು ಬಣ್ಣದವು, ಒಂದೇ ತಾಯಿಯ ಮಕ್ಕಳಂತಿದ್ದವು.

"ಹ್ಯಾಂಗ ಕೊಟ್ಟೇನಿ ಹಾಂಗೇ ವಾಪಸ ತರ್ರಿ," ಎಂದು ಕೊಟ್ಟ.

ಮನೆಗೆ ಬಂದವನೇ ತುಕಡಿಗಳ ಹಿಂಬದಿಗೆ ಅಂಟಿಸಿದ್ದ ಹೆಸರಿನ ಕಾಗದಗಳನ್ನು ಕಿತ್ತು ಬಿಸಾಕಿದೆ. ಹೆಸರು ಕಂಡರೆ ನ್ಯಾಯ ಒಂದು ಕಡೆ ವಾಲುತ್ತದಲ್ಲ! ಬದಲಿಗೆ ನನ್ನ ಪದ್ಧತಿಯಂತೆ ಚಾಕ್‌ಪೀಸಿನಿಂದ ಒಂದು, ಎರಡು, ಮೂರು, ನಾಲ್ಕು ಎಂದು ಬರೆದೆ. ಯಾವ ನಂಬರು ಯಾವ ಕಟ್ಟಿಗೆ ಎಂಬ ಚೀಟಿ ಜೇಬಿನಲ್ಲಿ ಭದ್ರ. ನಾಲ್ಕನ್ನೂ ಒಂದು ದಿನದ ಮಟ್ಟಿಗೆ ನೀರಿನ ಟಬ್ಬಿನಲ್ಲಿ ಮುಳುಗಿಸಿದೆ.

ನನ್ನ ಹೆಂಡತಿ ಸರೋಜಾ ಔರಾದಿನವಳು. ಸುಮ್ಮನಿರುವುದನ್ನು ಅವಳಿಗೆ ತವರಿನಲ್ಲಿ ಕಲಿಸಿಲ್ಲ.

"ಅಲ್ರೀ, ನೆಲ ಮಾಡ್ತೀರೋ, ಉಪ್ಪಿನಕಾಯಿ ಹಾಕ್ತೀರೋ?"

"ಇದು ಪರೀಕ್ಷಾ. ನಿನಗ ತಿಳಿಯಲ್ಲ."

ಮರುದಿನ ಹೊರತೆಗೆದೆ. ಮೂರು ತುಕಡಿ ಹಪ್ಪಳದಂತೆ ಬಾಗಿದ್ದವು. ಒಂದು ಮಾತ್ರ ನೆಟ್ಟಗೆ, ಏನೂ ಆಗಿಲ್ಲವೆಂಬಂತೆ ಇತ್ತು. ಸಿಕ್ಕಿತು! ಜೇಬಿನಿಂದ ಚೀಟಿ ತೆಗೆದು, ಜಯಶಾಲಿ ತುಕಡಿಯನ್ನು ತಿರುಗಿಸಿ ನಂಬರು ನೋಡಿದೆ.

ನಂಬರು ಇರಲಿಲ್ಲ.

ನೀರು ತುಸು ಬೆಳ್ಳಗಾಗಿತ್ತು. ಇಪ್ಪತ್ತು ವರ್ಷದಲ್ಲಿ ಯಾರೂ ಹಿಟ್ಟಿನ ಡಬ್ಬಿಯನ್ನು ನೀರಿನಲ್ಲಿ ಮುಳುಗಿಸಿರಲಿಲ್ಲ!

"ಅಂಗಡ್ಯಾಗ ತೋರ್ಸಿ ಕೇಳ್ರಿ," ಎಂದಳು ಸರೋಜಾ.

"ಹಾಂಗೇ ವಾಪಸ ತರ್ರಿ ಅಂದಾನ. ಈ ಹಪ್ಪಳ ಹ್ಯಾಂಗ ತೋರಿಸ್ಲಿ? ತಡಿ, ಎರಡನೇದು ಟಬ್ಬಿನ ದಂಡಿಗಿ ಇಟ್ಟಿದ್ದೆ. ನೆಟ್ಟಗಿದ್ದದ್ದೂ ದಂಡಿಗೇ ಇತ್ತು. ಎರಡಂದ್ರ ಮೇಪಲ್!"

"ಆ ಟಬ್ಬ್ ನಾ ಎರಡು ಸಲ ಸರಸೀನಿ. ತುಕಡಿ ಎಲ್ಲಾ ಗಿರಗಿರ ತಿರಗ್ಯಾವ."

ಕೇಳಿಸಿತು. ಚೆನ್ನಾಗಿಯೇ ಕೇಳಿಸಿತು. ಆದರೂ ಫೋನು ಹಚ್ಚಿದೆ.

"ಅಕ್ಕಾ, ಮೇಪಲ್ ಹಾಕ್ಸು. ಪರೀಕ್ಷಾ ಮಾಡೇನಿ. ಬಕೇಟ್ ಸುರದ್ರೂ ಬಿಲ್ಕುಲ್ ಏನೂ ಆಗಲ್ಲ."

"ನೀ ನೋಡಿದಿ ಅಂದ್ರ ಮುಗೀತು ಬಿಡಪ್ಪಾ."

ಅಕ್ಕ ಮೇಪಲ್ ನೆಲ ಹಾಕಿಸಿದಳು. ನಾನು ನೋಡಲು ಹೋದ ದಿನ ಅಕ್ಕ ನನ್ನೆದುರೇ ಮೊಣಕಾಲೂರಿ, ಪ್ರಾರ್ಥಿಸಿ, ತಾನೇ ಎದ್ದಳು.

"ನೋಡೋ ತಮ್ಮಾ, ಗ್ವಾಡಿ ಹಿಡೀದೇ ಎದ್ದೆ!" ಎಂದಳು. ಕಣ್ಣು ತುಂಬಿದ್ದವು.

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಅಷ್ಟರಲ್ಲಿ ಚಹಾ ಬಂತು. ನಾನು ಚಹಾ ಕುಡಿದೆ.

ಮುಂದಿನ ಭಾನುವಾರ ಆ ಕೋಣೆಯಲ್ಲೇ ಪ್ರಾರ್ಥನಾ ಕೂಟ. ಶನಿವಾರ ಅಕ್ಕ ನನ್ನ ಮಾತು ನಂಬಿ, ಮೂರು ಬಕೇಟು ನೀರು ಸುರಿದು, ಫಿನಾಯಿಲ್ ಹಾಕಿ, ಕಸಬರಿಗೆಯಿಂದ ತಿಕ್ಕಿ ತೊಳೆದಳು. ನಾವು ಗಂಡಹೆಂಡತಿ ಭಾನುವಾರ ಹೋಗಿ ನೋಡಿದರೆ ನೆಲ ನಡುವೆ ಉಬ್ಬಿ, ಉಸಿರು ಬಿಗಿಹಿಡಿದಂತೆ ಕಾಣುತ್ತಿತ್ತು. ಪಾಸ್ಟರ್ ಕೂತ ಕುರ್ಚಿ ತೊಟ್ಟಿಲಾಯಿತು.

"ಶಾಂತಮ್ಮಾ, ನೆಲ ಎದ್ದಂಗ ಅದಲ್ಲರಿ?"

"ಏನೂ ಆಗಲ್ಲರಿ ಪಾಸ್ಟರ್. ನನ್ನ ತಮ್ಮ ಪರೀಕ್ಷಾ ಮಾಡಿ ಆರಿಸ್ಯಾನ!"

ಎಲ್ಲರೂ ಕಣ್ಣು ಮುಚ್ಚಿದೆವು. ಆ ನಿಶ್ಶಬ್ದದಲ್ಲಿ ನಡುವಿನ ಹಲಗೆಯೊಂದು ಪಟಾರನೆ ಮೇಲೆದ್ದಿತು. ಎಲ್ಲರೂ ಕಣ್ಣು ತೆರೆದರು, ನನ್ನೊಬ್ಬನನ್ನು ಬಿಟ್ಟು. ನಾನು ಅಂದಿನಷ್ಟು ದೀರ್ಘ ಪ್ರಾರ್ಥನೆಯನ್ನು ಜನ್ಮದಲ್ಲಿ ಮಾಡಿಲ್ಲ.

ಜನ ಹೋದ ಮೇಲೆ ಚಾಕ್‌ಪೀಸು, ಟಬ್ಬು, ಸುಳ್ಳು ಎಲ್ಲವನ್ನೂ ಒಪ್ಪಿಕೊಂಡೆ. ಸರೋಜಾ ಮೊದಲ ಬಾರಿಗೆ ಸುಮ್ಮನಿದ್ದಳು. ಅಕ್ಕ ಎದ್ದ ಹಲಗೆಯನ್ನು ಕಾಲಿನಿಂದ ಒತ್ತಿ ನೋಡಿದಳು.

"ಏಳನೇ ಕ್ಲಾಸಿನ ಪರೀಕ್ಷಾದಾಗ ಉತ್ತರ ಎಲ್ಲಾ ಬರದಿದ್ದಿ. ಪೇಪರ್ ಮ್ಯಾಲ ನಿನ್ನ ನಂಬರ ಬರೀಲಿಲ್ಲ. ಮನಿಗಿ ಬಂದು, ಮಾಸ್ತರ್ ಸಿಟ್ಟಿಗಿ ಫೇಲ್ ಮಾಡ್ಯಾರ ಅಂದಿ. ಅವಾಗೂ ನಾ ನಿನ್ನೇ ನಂಬಿದ್ದೆ."

"ನಿನಗ ಗೊತ್ತಿತ್ತೇನು ಅಕ್ಕಾ?"

"ಆಮ್ಯಾಲ ಮಾಸ್ತರ್ರೇ ಹೇಳಿದ್ರು. ನೀ ಯಾವಾಗ ಹೇಳ್ತಿ ಅಂತ ಇಷ್ಟು ವರ್ಷ ನೋಡ್ಲಿಕತ್ತಿದ್ದೆ."

ಕಿಟಕಿಯ ಕೆಳಗೆ ನೀರು ತಲುಪದ ಒಂದು ಮೂಲೆ ಸಮವಾಗಿ ಉಳಿದಿತ್ತು. ಅಕ್ಕ ಹೋಗಿ ಅಲ್ಲಿ ಮೊಣಕಾಲೂರಿ ನೋಡಿದಳು. "ಒಬ್ಬಾಕಿಗಿ ಸಾಕು," ಎಂದಳು. ಎದ್ದಳು. ಗೋಡೆ ಹಿಡಿಯಲಿಲ್ಲ. ನನ್ನ ಭುಜವನ್ನೂ ಹಿಡಿಯಲಿಲ್ಲ.

ಈ ತಿಂಗಳು ಅವಳ ಜೋಳದ ಡಬ್ಬಿ ಬಸ್ಸಿನಲ್ಲಿ ಬಂತು. ಮುಚ್ಚಳ, ಹೊಟ್ಟೆ, ತಳ, ಮೂರೂ ಕಡೆ ಕೆಂಪು ಪೇಂಟಿನಲ್ಲಿ ದೊಡ್ಡದಾಗಿ 'ಶಾಂತಮ್ಮ' ಎಂದು ಬರೆದಿತ್ತು.

ನನಗೆ ತಡೆಯಲಾಗಲಿಲ್ಲ. ಯಾರೂ ಇಲ್ಲದ ಹೊತ್ತು ನೋಡಿ, ಆ ಹೆಸರಿಗೆ ನೀರು ಹಚ್ಚಿ ತಿಕ್ಕಿ ನೋಡಿದೆ.

ಹೋಗಲಿಲ್ಲ!