ಯಂತ್ರದ ಬುದ್ಧಿಗೆ ನಮ್ಮೂರ ಪರೀಕ್ಷೆ

ಬುದ್ಧಿ ಕೊಡುವವನು ದೇವರು. ಯಂತ್ರಕ್ಕೂ ಬುದ್ಧಿ ಕೊಡಲು ಹೊರಟವರ ಹಳೆಯ ಕಥೆಯನ್ನು ಮಿಜಾರಿನ ಹತ್ತಿರದ ಕಾಲೇಜೊಂದರಲ್ಲಿ ಪಾಠ ಮಾಡುವ ಕೆಲಸವನ್ನು ನನಗೆ ಕೊಟ್ಟವನೂ ಅವನೇ. ಹಾಗಾಗಿ ನಗುವಿಗೆ ನನ್ನಲ್ಲಿ ಬರವಿಲ್ಲ. ಈ ವರ್ಷ ಮಾತ್ರ ಪ್ರಾಂಶುಪಾಲರು, "ಹಳೇ ಕಥೆ ಯಾರಿಗೆ ಬೇಕು ಸರ್? ಈ ಸಲದ ಕಾಲೇಜು ಪ್ರದರ್ಶನದಲ್ಲಿ ಏನಾದ್ರೂ ಮಾಡಿ ತೋರಿಸಿ. ಇಲ್ಲದಿದ್ರೆ ಈ ಪಾಠ ನಿಲ್ಲಿಸುವ" ಎಂದುಬಿಟ್ಟರು.

೧. ಉಪ್ಪಿನ ನಿಯಮ

ಹಿಂದಿನವರು ತಜ್ಞರನ್ನು ಕೇಳಿ, ನಿಯಮ ಬರೆದು, ಯಂತ್ರಕ್ಕೆ ತುಂಬುತ್ತಿದ್ದರು. ನಾವೂ ಹಾಗೇ ಮಾಡುವ ಎಂದು ನಾನೂ ನನ್ನ ವಿದ್ಯಾರ್ಥಿಗಳೂ ಬಂಟ್ವಾಳದ ಅಡಿಗೆ ಭಟ್ಟರಲ್ಲಿಗೆ ಹೋದೆವು.

"ಸಾವಿರ ಜನರ ಸಾರಿಗೆ ಉಪ್ಪು ಎಷ್ಟು ಭಟ್ರೆ?"

"ಕೈಗೆ ಬಂದಷ್ಟು."

"ರುಚಿ ನೋಡ್ತೀರಾ?"

"ಛೆ! ನೈವೇದ್ಯ ಆಗುವ ಮೊದಲು ಬಾಯಿಗೆ ಹಾಕುದುಂಟಾ?"

ನಾನು ಮನಸ್ಸಿನಲ್ಲೇ ಕೈಮುಗಿದೆ. "ಮತ್ತೆ ಸರಿಯಾಯ್ತು ಅಂತ ಗೊತ್ತಾಗುದು ಹೇಗೆ?"

"ಊಟ ಮಾಡಿದವರು ನನ್ನನ್ನು ಹುಡುಕಿಕೊಂಡು ಬರದಿದ್ರೆ ಸರಿ."

ನಮ್ಮ ಯಂತ್ರಕ್ಕೆ ಸಿಕ್ಕಿದ್ದು ಅದೊಂದೇ ನಿಯಮ.

೨. ಕೇಳುವ ಕಿವಿ

ಆಮೇಲೆ ಬೆಳ್ತಂಗಡಿಯ ವಿದ್ಯಾರ್ಥಿನಿಯೊಬ್ಬಳು ಹಳೆಯ ಕಾಲದ ಮಾತಾಡುವ ಪ್ರೋಗ್ರಾಮೊಂದನ್ನು ಕನ್ನಡದಲ್ಲಿ ಮಾಡಿದಳು. ನಾವು ಹೇಳಿದ್ದನ್ನೇ ಅದು ತಿರುಗಿಸಿ ಪ್ರಶ್ನೆ ಮಾಡುತ್ತದೆ, ಅಷ್ಟೆ. ಲ್ಯಾಬ್ ಗುಡಿಸಲು ಬಂದ ಅಕ್ಕ "ನನ್ನ ಅತ್ತೆ ಜೋರು" ಎಂದು ಟೈಪ್ ಮಾಡಿದರು. "ನಿಮ್ಮ ಅತ್ತೆಯ ಬಗ್ಗೆ ಇನ್ನೂ ಹೇಳಿ" ಎಂದಿತು. ಅರ್ಧ ಗಂಟೆಯಾದರೂ ಅಕ್ಕ ಏಳಲಿಲ್ಲ.

"ಅದಕ್ಕೆ ಏನೂ ಅರ್ಥ ಆಗುದಿಲ್ಲ ಅಕ್ಕಾ."

"ಇರ್ಲಿ ಸರ್. ನಮ್ಮ ಮನೆಯವರಿಗೆ ಅರ್ಥ ಆಗ್ತದೆ, ಆದ್ರೆ ಕೇಳುದಿಲ್ಲ."

೩. ಎರಡು ಕೋಣೆ

ಪ್ರದರ್ಶನದ ದಿನ ಮೂಡಬಿದ್ರೆಯ ಬಸದಿಗೂ ನಮ್ಮ ಗಣಪತಿಗೂ ಕೈಮುಗಿದೇ ಬಂದೆ. ಹಿಂದಿನವರ ಪ್ರಸಿದ್ಧ ಪರೀಕ್ಷೆಯನ್ನೇ ಇಟ್ಟಿದ್ದೆವು: ಒಂದು ಕೋಣೆಯಲ್ಲಿ ಅದೇ ಮಾತಾಡುವ ಯಂತ್ರ, ಇನ್ನೊಂದರಲ್ಲಿ ಮನುಷ್ಯ. ಪರದೆಯ ಮೇಲೆ ಬರುವ ಉತ್ತರ ನೋಡಿ ಯಾವುದು ಯಾವುದೆಂದು ಹೇಳಬೇಕು.

ಪ್ರಾಂಶುಪಾಲರು ಎರಡಕ್ಕೂ "ಊಟ ಆಯ್ತಾ?" ಎಂದು ಕಳಿಸಿದರು.

ಮೊದಲ ಕೋಣೆಯಿಂದ: "ಊಟದ ಬಗ್ಗೆ ಯಾಕೆ ಕೇಳ್ತೀರಿ?"

ಎರಡನೆಯದರಿಂದ: "ಭೋಜನ ಸಂಪನ್ನವಾಗಿದೆ. ತಮ್ಮ ಕಾಳಜಿಗೆ ಧನ್ಯವಾದಗಳು."

"ಮೊದಲನೆಯದು ಮನುಷ್ಯ!" ಎಂದರು ಪ್ರಾಂಶುಪಾಲರು. "ನಮ್ಮ ಊರಿನವನೇ. ನಮ್ಮಲ್ಲಿ ನೇರ ಉತ್ತರ ಕೊಡುವವರುಂಟಾ? ಎರಡನೆಯದು ಯಂತ್ರ. ಅದರೊಟ್ಟಿಗೆ ಹತ್ತು ನಿಮಿಷ ಕೂತುಕೊಳ್ಳಲಿಕ್ಕೂ ಆಗ್ಲಿಕ್ಕಿಲ್ಲ ಮಾರಾಯ್ರೆ!"

ಎರಡನೆಯ ಕೋಣೆಯ ಬಾಗಿಲು ತೆರೆಯಿತು. ಹೊರಬಂದವರು ನಮ್ಮ ಕನ್ನಡ ಉಪನ್ಯಾಸಕಿ, ಪ್ರಾಂಶುಪಾಲರ ಧರ್ಮಪತ್ನಿ.

"ಇಪ್ಪತ್ತೈದು ವರ್ಷ ಹೇಗೆ ಕೂತುಕೊಂಡಿರಿ?"

ಪ್ರಾಂಶುಪಾಲರು ನನ್ನ ಕಿವಿಯ ಹತ್ತಿರ ಬಗ್ಗಿದರು. "ಪಾಠ ಮುಂದಿನ ವರ್ಷವೂ ಇರ್ಲಿ ಸರ್. ಆ ಯಂತ್ರದ ಕೋಣೆಗೆ ಒಳಗಿನಿಂದ ಚಿಲಕ ಉಂಟಾ?"