ಬಿಚ್ಚಿ ಹೊಲಿಯಲಾಗದ ಉಡುಗೊರೆ

ಎರಡು ಸಾವಿರದ ಆರನೆಯ ಇಸವಿ, ಫೆಬ್ರುವರಿ ತಿಂಗಳ ಎರಡನೆಯ ಭಾನುವಾರ. ಬೆಳಿಗ್ಗೆ ಐದು ಗಂಟೆ ಹತ್ತು ನಿಮಿಷ. ಬಸವೇಶ್ವರನಗರದ ನಮ್ಮ ಮನೆಯ ಗೇಟಿನ ಮುಂದೆ ಹಾಜರಿದ್ದವರು ಮೂವರು: ನಾನು, ನನ್ನ ತಮ್ಮ, ಹೇರೋಹಳ್ಳಿಯಿಂದ ಬಂದ ಆಟೋ ಚಾಲಕ. ಆಟೋ ಐದಕ್ಕೆ ಬರಬೇಕಿತ್ತು. ಮೂವತ್ತೆಂಟು ವರ್ಷ ಆಸ್ಪತ್ರೆಯಲ್ಲಿ ದುಡಿದು ಮೇಟ್ರನ್ ಆಗಿ ನಿವೃತ್ತಳಾದವಳು ನಾನು. ಹತ್ತು ನಿಮಿಷದಲ್ಲಿ ಎಂಟು ರೋಗಿಗಳ ಜ್ವರ ನೋಡಿ ಬರೆದಿಡಬಹುದು ಎಂದು ಚಾಲಕನಿಗೆ ತಿಳಿಸಿದೆ.

"ರಸ್ತೆ ಎಲ್ಲಾ ಅಗದಾರ್ರಿ ಅಮ್ಮಾರ. ಆಟೋ ಏನ್ ಹಾರಕೋತ ಬರ್ತದೇನ್ರಿ?" ಎಂದ ಅವನು. ಧಾರವಾಡದ ಕಡೆಯವನು, ಬೆಂಗಳೂರಿಗೆ ಬಂದು ಆರು ತಿಂಗಳಾಗಿತ್ತಂತೆ.

"ಹಾರೋದು ಇವತ್ತು ನನ್ನ ಪಾಳಿ ಕಣಪ್ಪಾ, ನೀನು ನೆಲದ ಮೇಲೇ ಹೋಗು," ಎಂದು ನನ್ನ ತಮ್ಮ ಹತ್ತಿ ಕೂತ.

ಈ ನನ್ನ ತಮ್ಮನಿಗೆ ಉಡುಗೊರೆ ಕೊಟ್ಟು ಗೆದ್ದವರು ಇಡೀ ಪಶ್ಚಿಮ ಬೆಂಗಳೂರಿನಲ್ಲಿ ಒಬ್ಬರೂ ಇಲ್ಲ! ಅವನು ದರ್ಜಿ. ಮನೆಯ ಕೆಳಗಿನ ಮುಂಗೋಣೆಯೇ ಅವನ ಅಂಗಡಿ, ಮಹಡಿಯಲ್ಲಿ ನಮ್ಮಿಬ್ಬರ ವಾಸ. ಯಾರು ಏನೇ ಕೊಡಲಿ, ಅದರಲ್ಲಿ ಒಂದು ಎಳೆ ದಾರವಿದ್ದರೆ ಸಾಕು, ಸಂಜೆಯೊಳಗೆ ಬಿಚ್ಚಿ ಹಾಕಿರುತ್ತಾನೆ. ಸಿಟ್ಟಿನಿಂದಲ್ಲ, ಅನುಕಂಪದಿಂದ! ಅವನ ಐವತ್ತನೆಯ ಹುಟ್ಟುಹಬ್ಬಕ್ಕೆ ನಾನು ಕೊಟ್ಟ ಷರಟು ರಾತ್ರಿ ಊಟದ ಹೊತ್ತಿಗೆ ಹನ್ನೊಂದು ತುಂಡಾಗಿ ಮೇಜಿನ ಮೇಲಿತ್ತು. "ಪಾಪ, ಕಾಲರ್‌ಗೆ ಉಸಿರು ಕಟ್ತಾ ಇತ್ತು ಕಣೇ ಅಕ್ಕ," ಎಂದ. ಮರುವರ್ಷ ಬಟ್ಟೆಯ ಸಹವಾಸವೇ ಬೇಡವೆಂದು ಛತ್ರಿ ಕೊಟ್ಟೆ. ಛತ್ರಿಗೆ ಬಟ್ಟೆಯಿರುತ್ತದೆ ಎಂಬುದು ನನಗೆ ಹೊಳೆದದ್ದು ಅದರ ಅಸ್ಥಿಪಂಜರ ಕಂಡ ಮೇಲೆ. ಅದರ ಮುಂದಿನ ವರ್ಷ ಚರ್ಮದ ಚಪ್ಪಲಿ ತಂದೆ. ಚಪ್ಪಲಿಗೂ ಹೊಲಿಗೆ ಇರುತ್ತದೆಂದು ನನಗೆ ಯಾರು ಹೇಳಬೇಕಿತ್ತು?

ಈ ಗುಣದಿಂದಲೇ ಅವನ ಮದುವೆ ತಪ್ಪಿತು. ಮಾರೇನಹಳ್ಳಿಯಲ್ಲಿ ಒಂದು ಹೆಣ್ಣು ನೋಡಲು ಹೋಗಿದ್ದೆವು. ಹುಡುಗಿ ಕಾಫಿ ತಂದಳು. ಇವನು ಮುಖ ನೋಡಲಿಲ್ಲ, ಭುಜ ನೋಡಿದ. "ಏನಾದರೂ ಕೇಳೋದಿದ್ದರೆ ಕೇಳಿ," ಎಂದರು ಹುಡುಗಿಯ ತಂದೆ, ಸಂಕೋಚ ಬೇಡವೆಂದು. "ಎಡಗಡೆ ತೋಳು ಅರ್ಧ ಇಂಚು ಹಿಂದಕ್ಕೆ ಕೂತಿದೆಯಲ್ಲ, ಹೊಲಿದೋರು ಯಾರು?" ಎಂದು ಕೇಳಿದ. ಹೊಲಿದವರು ಹುಡುಗಿಯ ತಾಯಿ, ಎದುರಿಗೇ ಕೂತಿದ್ದರು! ಕಾಫಿ ಆರುವ ಮೊದಲೇ ನಾವು ಬಸ್‌ಸ್ಟಾಪಿನಲ್ಲಿದ್ದೆವು. ನನಗೂ ಆಸ್ಪತ್ರೆಯ ಪಾಳಿಗಳ ನಡುವೆ ಮದುವೆಗೆ ಬಿಡುವಾಗಲಿಲ್ಲ. ಹೀಗಾಗಿ ಇಬ್ಬರೂ ಒಂದೇ ಮನೆಯಲ್ಲಿ ಉಳಿದೆವು.

ಅರವತ್ತು ಹತ್ತಿರವಾದಾಗ ಅವನ ಕಣ್ಣು ಕೈಕೊಟ್ಟಿತು. ಬಲಗಣ್ಣು ಪೂರ್ತಿ ಹೋಯಿತು. ಎಡಗಣ್ಣಿನ ಒಳಪರದೆಯೂ ಸವೆಯುತ್ತಿದೆ ಎಂದರು ಡಾಕ್ಟರು. ಹತ್ತಿರದ್ದು ಇನ್ನಷ್ಟು ಕಾಲ ಕಾಣಬಹುದು, ದೂರದ್ದು ಮೊದಲು ಹೋಗುತ್ತದೆ. "ದೂರದ್ದು ಏನಾದ್ರೂ ತೋರಿಸ್ಬೇಕು ಅಂತಿದ್ರೆ ಬೇಗ ತೋರಿಸ್ಬಿಡಿ ಮೇಡಂ," ಎಂದು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಪಕ್ಕಕ್ಕೆ ಎಂದರೆ ಎರಡು ಹೆಜ್ಜೆ. ಅವನ ಕಿವಿಗೇನೂ ಆಗಿರಲಿಲ್ಲ.

"ಒಂದು ಕಣ್ಣು ಹೋದ್ರೆ ಒಳ್ಳೇದೇ ಆಯ್ತು ಬಿಡು. ಸೂಜಿಗೆ ದಾರ ಪೋಣಿಸೋವಾಗ ಹೇಗೂ ಒಂದು ಮುಚ್ತಾ ಇದ್ದೆ, ಆ ಕೆಲಸ ಉಳೀತು!" ಎಂದ ಮನೆಗೆ ಬರುವ ದಾರಿಯಲ್ಲಿ.

ಆವತ್ತಿನಿಂದ ಅವನ ಅರವತ್ತನೆಯ ಹುಟ್ಟುಹಬ್ಬದ ಉಡುಗೊರೆ ಆರಿಸುವುದು ನನಗೆ ಹಠದ ಕೆಲಸವಾಯಿತು. ಅದು ನೋಡುವಂಥದ್ದಾಗಿರಬೇಕು, ಬೇಗ ಆಗಬೇಕು, ಬಿಚ್ಚಲು ಬರುವಂಥದ್ದಾಗಿರಬಾರದು! ಸಮುದ್ರ ತೋರಿಸೋಣವೆಂದರೆ, "ಅಷ್ಟು ಬಟ್ಟೆ ಯಾರು ಕತ್ತರಿಸ್ತಾರೆ," ಎಂದ. ದೊಡ್ಡ ವಿಮಾನದಲ್ಲಿ ಮದರಾಸಿಗೆ ಹೋಗಿಬರೋಣವೆಂದುಕೊಂಡೆ. ಹೋದವರನ್ನು ವಿಚಾರಿಸಿದರೆ, ಒಳಗೆ ಕೂತವರಿಗೆ ಮೋಡ ಬಿಟ್ಟರೆ ಕಾಣುವುದು ಮುಂದಿನ ಸೀಟಿನ ಗವುಸು ಮಾತ್ರವಂತೆ. ಗವುಸು! ಇವನು ಮದರಾಸು ತಲಪುವಷ್ಟರಲ್ಲಿ ಇಡೀ ವಿಮಾನವನ್ನು ಬೋಳು ಮಾಡಿರುತ್ತಿದ್ದ.

ಆಗ ನನ್ನ ಕೈಕೆಳಗೆ ತರಬೇತಿ ಪಡೆದ ನರ್ಸ್ ಒಬ್ಬಳು ಸಿಕ್ಕಳು. ಅವಳ ಗಂಡ ಪೈಲಟ್. ಗೆಳೆಯರೊಂದಿಗೆ ಸೇರಿ ಒಂದು ಹಳೆಯ ಕಾಲದ ವಿಮಾನವನ್ನು ರಿಪೇರಿ ಮಾಡಿ ಯಲಹಂಕದ ಕಡೆ ಇಟ್ಟಿದ್ದ, ಭಾನುವಾರ ಬೆಳಿಗ್ಗೆ ಆಸಕ್ತರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಹಾರಿಸುತ್ತಿದ್ದ. ತೆರೆದ ಸೀಟು, ಮೆಲ್ಲನೆಯ ವೇಗ, ಕಡಿಮೆ ಎತ್ತರ. ನಂದಿನಿ ಲೇಔಟ್ ದಾಟಿ ನಿಮ್ಮ ಮನೆಯ ಮೇಲೆ ಒಂದು ಸುತ್ತು ಹಾಕಿಸುತ್ತೇನೆಂದು ಮಾತು ಕೊಟ್ಟ. ಒಂದೇ ಷರತ್ತು: ಎಂಟಕ್ಕೆ ಮೈದಾನ ಬೇರೆಯವರಿಗೆ ಬಿಟ್ಟುಕೊಡಬೇಕು, ಅಷ್ಟರೊಳಗೆ ಇಳಿದಿರಬೇಕು. ನಾನು ಒಪ್ಪಿದೆ. ತಗಡಿನ ಯಂತ್ರಕ್ಕೆ ಇವನ ಕತ್ತರಿ ಏನು ಮಾಡೀತು? ಗೆದ್ದೆ ಎಂದುಕೊಂಡೆ.

ಆರೂಕಾಲಕ್ಕೆ ಮೈದಾನ ಮುಟ್ಟಿದೆವು. ಷೆಡ್ಡಿನ ಬಾಗಿಲು ಸರಿಯಿತು. ಹಳದಿ ಬಣ್ಣದ ಪುಟ್ಟ ವಿಮಾನ, ಒಂದರ ಮೇಲೊಂದು ಎರಡು ಜೊತೆ ರೆಕ್ಕೆ. ನನ್ನ ತಮ್ಮ ಅದರ ಹತ್ತಿರ ಹೋಗಿ ಕನ್ನಡಕವನ್ನು ಹಣೆಗೇರಿಸಿ, ಎಡಗಣ್ಣನ್ನು ರೆಕ್ಕೆಗೆ ತಾಗುವಷ್ಟು ಹತ್ತಿರ ಒಯ್ದು, ಹೆಬ್ಬೆರಳಿನಿಂದ ಸವರಿದ. ತಿರುಗಿ ನನ್ನ ಕಡೆ ನೋಡಿದ. ಅವನ ಮುಖದಲ್ಲಿ ಅಂಥ ಬೆಳಕನ್ನು ನಾನು ಕಂಡದ್ದು ಕಡಿಮೆ.

"ಅಕ್ಕಾ! ಇದು ಬಟ್ಟೆ ಕಣೇ!"

ಹೌದಂತೆ! ಹಳೆಯ ಕಾಲದ ವಿಮಾನಗಳಿಗೆ ಮರದ ಚೌಕಟ್ಟು, ಅದರ ಮೇಲೆ ಬಟ್ಟೆ ಎಳೆದು ಹೊಲಿದು ಬಣ್ಣ ಬಳಿಯುತ್ತಿದ್ದರಂತೆ. ಪ್ರಪಂಚದಲ್ಲಿ ಇಷ್ಟು ವಿಮಾನಗಳಿರುವಾಗ ನಾನು ಹುಡುಕಿ ಹುಡುಕಿ ಆರಿಸಿದ್ದು ಹೊಲಿದ ವಿಮಾನವನ್ನು! ಅಷ್ಟರಲ್ಲಿ ಇವನ ಕೈ ಷರಟಿನ ಕಾಲರಿಗೆ ಸದಾ ಸಿಕ್ಕಿಸಿಕೊಂಡಿರುವ ಸೂಜಿಯ ಕಡೆಗೆ ಹೊರಟಿತ್ತು.

"ಕೈ ತೆಗೀರಿ ಸಾರ್, ಕೈ ತೆಗೀರಿ!" ಎಂದು ವಯಸ್ಸಾದ ಮೆಕ್ಯಾನಿಕ್ ಓಡಿಬಂದ. "ಇದು ವಿಮಾನ!"

"ವಿಮಾನ ಆದ್ರೇನು? ಬಟ್ಟೆ ತಾನೇ? ಯಾರು ಹೊಲ್ದಿದ್ದು?"

"ನಾನೇ ಹೊಲ್ದಿದ್ದು."

"ಎಲ್ಲಿ, ತೋರ್ಸಿ."

ಅಲ್ಲಿಗೆ ಮುಗಿಯಿತು! ಇಬ್ಬರೂ ರೆಕ್ಕೆಯ ಕೆಳಗೆ ಮಲಗಿಬಿಟ್ಟರು. ಆರೂವರೆ ಆಯಿತು, ಏಳಾಯಿತು. ಪ್ರತಿ ಹೊಲಿಗೆಗೂ ಬೇರೆ ಬೇರೆ ಗಂಟು ಹಾಕಿರುತ್ತಾರಂತೆ, ಒಂದು ಹರಿದರೂ ಪಕ್ಕದ್ದು ಹಿಡಿದುಕೊಳ್ಳಲೆಂದು. ಆ ಗಂಟನ್ನು ಇವನು ಕಲಿಯಲೇಬೇಕಂತೆ. ಮೆಕ್ಯಾನಿಕ್ ಜೇಬಿನಿಂದ ದಾರ ತೆಗೆದ. ಕತ್ತು ಎತ್ತಿ ಆಕಾಶ ನೋಡುತ್ತಿದ್ದ ಪೈಲಟ್, "ಮೇಡಂ, ಎಂಟರ ಮೇಲೆ ಆಗಲ್ಲ," ಎಂದ. ದೂರದ್ದನ್ನು ತೋರಿಸಲು ಕರೆತಂದವನು ಮೂಗಿನ ತುದಿಯ ದಾರದಲ್ಲಿ ಮುಳುಗಿದ್ದ! ಇದ್ದ ಒಂದು ಅವಕಾಶವೂ ಈ ಗಂಟಿಗೆ ಸಿಕ್ಕಿ ಕಳೆದುಹೋಗುತ್ತದೆಯೇ? ಏಳೂ ಹತ್ತಕ್ಕೆ ನಾನು ರೆಕ್ಕೆಯ ಬಳಿ ಬಗ್ಗಿ, ವಾರ್ಡಿನಲ್ಲಿ ಸಂದರ್ಶಕರನ್ನು ಹೊರಗೆ ಕಳಿಸುತ್ತಿದ್ದ ದನಿಯಲ್ಲಿ, "ಟೈಮ್!" ಎಂದೆ.

ಇಬ್ಬರೂ ಎದ್ದು ನಿಂತರು. ಪೈಲಟ್ ಕೂಡ ನೆಟ್ಟಗೆ ನಿಂತ.

"ಹೇಗಿದೆಯೋ ಹೊಲಿಗೆ?" ಎಂದು ಕೇಳಿದೆ, ಬೈಗುಳಕ್ಕೆ ಸಿದ್ಧಳಾಗಿ.

"ಬಿಚ್ಚೋ ಹಾಗಿಲ್ಲ," ಎಂದ. ಅರವತ್ತು ವರ್ಷಗಳಲ್ಲಿ ಮೊದಲ ಸಲ! ಮೆಕ್ಯಾನಿಕ್ ಆ ಮಾತಿನ ಬೆಲೆ ತಿಳಿಯದೆ ಸುಮ್ಮನೆ ತಲೆಯಾಡಿಸಿದ.

ಏಳೂ ಇಪ್ಪತ್ತಕ್ಕೆ ವಿಮಾನ ಮೇಲಕ್ಕೆದ್ದಿತು. ಬಟ್ಟೆ ಒಗೆಯುವ ಕಲ್ಲಿನ ಹಾಗೆ ಭಾರವಾಗಿ ಓಡಿ, ಕೊನೆಗೆ ಹೇಗೋ ಮನಸ್ಸು ಮಾಡಿ ಹಾರಿತು. ಬಿಸಿಲು ಚೊಕ್ಕವಾಗಿತ್ತು, ಮಂಜಿನ ಸುಳಿವೂ ಇರಲಿಲ್ಲ. "ಅಮ್ಮಾರ, ಅಣ್ಣಾರು ಹೆದರಿ ಇಳೀತೀನಿ ಅಂದ್ರ ಎಲ್ಲಿ ಇಳಸ್ತಾರ್ರಿ?" ಎಂದು ಆಟೋ ಚಾಲಕ ಕೇಳಿದ. ನಾನು ಗಡಿಯಾರ ನೋಡುತ್ತಿದ್ದೆ. ಸರಿಯಾಗಿ ಇಪ್ಪತ್ತೈದು ನಿಮಿಷಕ್ಕೆ ಇಳಿದರು.

ನನ್ನ ತಮ್ಮ, ಕೂದಲು ಕೆದರಿ, ಕಣ್ಣಲ್ಲಿ ನೀರಿಳಿಸಿಕೊಂಡು, ನಗುತ್ತ ಬಂದ. ಆಟೋದಲ್ಲಿ ಕೂತದ್ದೇ ಶುರು. "ಏನ್ ಕಾಣ್ಸುತ್ತೆ ಅಂತೀಯ! ರಿಂಗ್ ರೋಡು ಟೇಪ್ ಬಿಚ್ಚಿಟ್ಟ ಹಾಗೆ. ರಾಜಾಜಿನಗರ ಪೂರ್ತಿ ಚೌಕಳಿ ಬಟ್ಟೆ. ಆಮೇಲೆ ನಮ್ಮನೆ!"

"ನಮ್ಮ ಮನೆ ಕಂಡಿತೇನೋ?"

"ಕಾಣದೇ ಏನು? ಟೆರೇಸ್ ಮೇಲೆ ನೀನು ಒಣಗ್ಹಾಕಿರೋ ಬೆಡ್‌ಶೀಟು! ನಾಲ್ಕೂ ಕಾಣಿಸ್ತು. ಬೆಳ್ಳಗೆ ಹೊಳೀತಾ ಇದ್ವು ಕಣೇ ಅಕ್ಕ!"

"ಅಷ್ಟ್ ಮ್ಯಾಲಿಂದ ಚಾದರ ಕಾಣ್ತಾವೇನ್ರಿ?" ಎಂದ ಚಾಲಕ ಹಿಂದೆ ತಿರುಗಿ.

"ನಮ್ಮಕ್ಕ ಒಗೆದದ್ದು ಎಲ್ಲಿಂದಾದ್ರೂ ಕಾಣುತ್ತಪ್ಪ. ನೀನು ರಸ್ತೆ ನೋಡು."

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ನಮ್ಮ ಟೆರೇಸಿನ ತಂತಿಯ ಮೇಲೆ ನಾಲ್ಕು ಬಿಳಿ ಬೆಡ್‌ಶೀಟುಗಳು ಇರಲೇಬೇಕು. ಮನೆ ಕಟ್ಟಿದಂದಿನಿಂದ ನಾನು ಆ ನಿಯಮ ತಪ್ಪಿಸಿದವಳಲ್ಲ. ಜ್ವರ ಬಂದಾಗಲೂ ತಪ್ಪಿಸಲಿಲ್ಲ. ಅದು ಅವನಿಗೆ ಗೊತ್ತು. ಆದರೆ ಆ ಭಾನುವಾರ ಐದೂ ಹತ್ತಕ್ಕೆ ಮನೆ ಬಿಟ್ಟಿದ್ದೆನಲ್ಲ! ನಾಲ್ಕೂ ಬೆಡ್‌ಶೀಟುಗಳು ಇನ್ನೂ ಬಚ್ಚಲಿನ ಬುಟ್ಟಿಯಲ್ಲಿದ್ದವು.

ನೋಡದೆಯೇ ರೋಗಿಯ ಜ್ವರ ಬರೆದಿಟ್ಟ ನರ್ಸನ್ನು ನಿಂತ ಕಾಲಲ್ಲಿ ಮನೆಗೆ ಕಳಿಸಿದವಳು ನಾನು. ಬಾಯಿ ತೆರೆದೆ. ಅವನು ಕನ್ನಡಕವನ್ನು ಷರಟಿನ ತುದಿಯಿಂದ ಒರೆಸುತ್ತಿದ್ದ, ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ.

"ಕಲೆ ಗಿಲೆ ಏನೂ ಕಾಣಲಿಲ್ಲ ತಾನೇ?" ಎಂದು ಕೇಳಿದೆ.

"ಒಂದೂ ಇಲ್ಲ," ಎಂದ.

ಹತ್ತು ಗಂಟೆಗೆ ಮನೆ ಸೇರಿದೆವು. ಊಟದ ತನಕ ಅಂಗಡಿಗೆ ಬಂದವರಿಗೆಲ್ಲ ಅವನು ಆ ನಾಲ್ಕು ಬೆಡ್‌ಶೀಟುಗಳ ಕಥೆ ಹೇಳಿದ. ಎದುರುಮನೆಯಾಕೆ ನಮ್ಮ ಟೆರೇಸಿನ ಕಡೆ ಕತ್ತೆತ್ತಿ, ಆಮೇಲೆ ನನ್ನ ಮುಖ ನೋಡಿದರು. ನಾನು ಕಣ್ಣಿನಲ್ಲೇ ಬೇಡವೆಂದೆ. ಒಳ್ಳೆಯವರು, ಸುಮ್ಮನಾದರು.

ಊಟವಾಗಿ ಅವನು ಮಲಗಿದ ಮೇಲೆ ಬುಟ್ಟಿ ಎತ್ತಿಕೊಂಡು ಬಚ್ಚಲಿಗೆ ಹೋದೆ. ನೆನೆಸಿ, ಸದ್ದಾಗದಂತೆ ಕೈಯಲ್ಲೇ ಉಜ್ಜಿ, ಮೂರು ನೀರಿನಲ್ಲಿ ಜಾಲಿಸಿ ಹಿಂಡಿ, ಟೆರೇಸಿಗೆ ಒಯ್ದೆ. ಮೂರು ಗಂಟೆ ನಲವತ್ತು ನಿಮಿಷಕ್ಕೆ ನಾಲ್ಕನೆಯದಕ್ಕೂ ಕ್ಲಿಪ್ಪು ಹಾಕಿ ಮುಗಿಸಿದೆ.