ಹೊಸ ಆಯಿಲ್, ಹಳೆಯ ಅನುಮಾನ

ಯಾವುದನ್ನೂ ಪರೀಕ್ಷಿಸದೆ ನಂಬಬಾರದು ಎಂದು ವಿಶ್ವವಿದ್ಯಾಲಯದಲ್ಲಿ ಕಲಿತವರಿಗೆ ಮುಂದೆ ಒಂದು ಕಷ್ಟ ಕಾದಿರುತ್ತದೆ. ಕ್ರಮೇಣ ಅವರು ತಮ್ಮನ್ನೇ ನಂಬದವರಾಗುತ್ತಾರೆ. ಮನೆಗೆ ಬೀಗ ಹಾಕಿದೆ ಎನ್ನುವುದಕ್ಕೆ ನನ್ನ ನೆನಪು ನನಗೆ ಸಾಕ್ಷಿಯೇ ಅಲ್ಲ. ವಾಪಸ್ ಮೆಟ್ಟಿಲು ಹತ್ತಿ ಎಳೆದು ನೋಡುತ್ತೇನೆ. ಎಳೆದು ನೋಡಿದೆನೇ ಎಂಬ ಅನುಮಾನ ಬಸ್ ಸ್ಟಾಪಿನಲ್ಲಿ ಶುರುವಾಗುತ್ತದೆ. ಇಂಥವನು ಹಳೆಯ ಡೀಸೆಲ್ ಕಾರಿಗೆ ತಾನೇ ಆಯಿಲ್ ಬದಲಾಯಿಸಲು ಹೋಗಬಾರದು. ಆದರೆ ಗ್ಯಾರೇಜಿನವರು ಫಿಲ್ಟರನ್ನು ನಿಜವಾಗಿಯೂ ಬದಲಾಯಿಸುತ್ತಾರೆಂದು ನಂಬುವುದು ಹೇಗೆ?

ಮೊನ್ನೆ ಶನಿವಾರ ಮಧ್ಯಾಹ್ನ ಹೊಸಕೋಟೆಯಲ್ಲಿ ನನ್ನ ಹೆಂಡತಿ ಸುಮಾಳ ಅಕ್ಕನ ಮನೆಯಲ್ಲಿ ಊಟವಿತ್ತು. ಹೊರಡುವ ಮುಂಚೆ ಕಾರಿನ ಸರ್ವೀಸ್ ಮುಗಿಸಿಬಿಡುತ್ತೇನೆ ಎಂದೆ.

"ಇವತ್ತೇ ಆಗ್ಬೇಕಾ? ಆಯ್ತು. ನೆಟ್ಟಗೆ ಹೋಗಿ ಬಂದ್ರೆ ಕಾರು ಇರ್ಲಿ. ದಾರೀಲಿ ನಿಂತ್ರೆ ನಾಳೆನೇ ಮಾರಿಬಿಡೋಣ. ಆಮೇಲೆ ವರಾತ ತೆಗೀಬಾರ್ದು, ಗೊತ್ತಾಯ್ತಾ?" ಎಂದಳು.

ಗೊತ್ತಾಯಿತು. ಕಾರಿನ ಪ್ರಾಣ ನನ್ನ ಸ್ಪ್ಯಾನರಿನ ತುದಿಯಲ್ಲಿತ್ತು. ಮೊದಲು ಏರ್ ಫಿಲ್ಟರ್ ತೆಗೆದು ಕೊಡವಿದೆ. ನಮ್ಮ ಮಹದೇವಪುರದ ರಸ್ತೆಯಲ್ಲಿ ಇಲ್ಲದ ಮಣ್ಣೆಲ್ಲ ಅದರೊಳಗಿತ್ತು. ಡೀಸೆಲ್ ಫಿಲ್ಟರಿನಲ್ಲಿ ತಂಗಿದ್ದ ನೀರನ್ನು ಹರಿಸಿದೆ. ನನಗೆ ಫಿಲ್ಟರುಗಳ ಮೇಲೆ ಒಂದು ಬಗೆಯ ಬಂಧುಪ್ರೀತಿ. ಅವೂ ನನ್ನ ಹಾಗೆ, ಬಂದದ್ದನ್ನೆಲ್ಲ ಅನುಮಾನಿಸಿ ಒಳಗೆ ಬಿಡುವವು. ಆಮೇಲೆ ಹಳೆಯ ಆಯಿಲ್ಲನ್ನು ಬೇಸಿನ್ನಿಗೆ ಇಳಿಸಿ, ಹೋದ ವರ್ಷದ ಖಾಲಿ ಕ್ಯಾನಿಗೆ ತುಂಬಿಸಿ, ಹೊಸ ಆಯಿಲ್ ಫಿಲ್ಟರ್ ಕೂರಿಸಿದೆ. ಪಕ್ಕದಲ್ಲಿ ಹೊಸ ಆಯಿಲ್ಲಿನ ಕ್ಯಾನ್ ಇತ್ತು. ಎರಡೂ ಒಂದೇ ಕಂಪನಿಯವು, ಒಂದೇ ಬಣ್ಣದವು.

ಆಗ ಆಫೀಸಿನಿಂದ ಫೋನ್ ಬಂತು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ನಾನು ಮಾಡದ ತಪ್ಪಿಗೆ ನಾನು ಹೇಗೆ ಕಾರಣನಲ್ಲ ಎಂದು ಮ್ಯಾನೇಜರಿಗೆ ವಿವರಿಸುತ್ತಾ ಒಂದು ಕ್ಯಾನನ್ನು ಎತ್ತಿ ಇಂಜಿನ್ನಿಗೆ ಸುರಿದೆ. ಸುರಿಯುವಾಗ ಬಣ್ಣ ನೋಡಲಿಲ್ಲವೇ ಎನ್ನಬೇಡಿ. ಕತ್ತು ವಾಲಿ ಮುಖ ಆಕಾಶದ ಕಡೆಗಿತ್ತು.

ಅಷ್ಟರಲ್ಲಿ ನಮ್ಮ ಮನೆ ಓನರ್ ಮುನಿರಾಜಣ್ಣ ಬಂದರು. ಹಿಂದೆ ಈ ನೆಲದಲ್ಲಿ ರಾಗಿ ಬೆಳೆಯುತ್ತಿದ್ದವರು, ಈಗ ಬಾಡಿಗೆ ಮನೆ ಬೆಳೆಯುತ್ತಾರೆ. "ಸಾ, ಹಳೇ ಆಯಿಲ್ ಇದ್ರೆ ಕೊಡಿ, ಅಂಗಡಿ ಶೆಟರ್‌ಗೆ ಬಳೀಬೇಕು" ಎಂದರು. ತುಂಬಿದ ಕ್ಯಾನ್ ಕೊಟ್ಟೆ. ಸ್ಕೂಟರಿನಲ್ಲಿಟ್ಟುಕೊಂಡು ಹೋದರು. ಹಿಂದೆಯೇ ಕಸದ ಆಟೋ ಬಂತು. ಖಾಲಿ ಕ್ಯಾನನ್ನು ಅದಕ್ಕೆ ಕೊಟ್ಟೆ. ಹೀಗೆ ಸಾಕ್ಷ್ಯಗಳನ್ನೆಲ್ಲ ನಾಶಪಡಿಸಿ, ಇಂಜಿನ್ನನ್ನು ಒಂದಿಷ್ಟು ಹೊತ್ತು ಓಡಿಸಿ ನಿಲ್ಲಿಸಿ, ಅಳತೆ ಕಡ್ಡಿ ಎಳೆದು ನೋಡಿದೆ.

ಆಯಿಲ್ ಕಪ್ಪಗಿತ್ತು!

ಡೀಸೆಲ್ ಇಂಜಿನ್ನಿನಲ್ಲಿ ಹೊಸ ಆಯಿಲ್ಲೂ ಬಹುಬೇಗ ಕಪ್ಪಾಗುತ್ತದೆ ಎಂದು ಎಲ್ಲೋ ಓದಿದ್ದೆ. ಓದಿದ್ದೆನೋ, ಈಗ ಧೈರ್ಯಕ್ಕಾಗಿ ಕಲ್ಪಿಸಿಕೊಂಡೆನೋ? ಸುರಿದದ್ದು ಹಳೆಯದೇ ಆಗಿದ್ದರೆ, ಹೊಸದು ಈ ಹೊತ್ತಿಗೆ ಮುನಿರಾಜಣ್ಣನ ಶೆಟರ್ ಮೇಲಿದೆ! ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮತ್ತೆ ಮಾಡಿದೆ. ಕಾಯುವುದು ನನ್ನ ಜಾಯಮಾನವಲ್ಲ. ಬೇಸಿನ್ ಒರೆಸಿ, ಕಾರಿನಡಿ ತೂರಿ, ಬೋಲ್ಟ್ ಬಿಚ್ಚಿ ಅಷ್ಟೂ ಆಯಿಲ್ಲನ್ನು ಮತ್ತೆ ಇಳಿಸಿಬಿಟ್ಟೆ.

ಕೊನೆಯ ಹನಿ ಬಿದ್ದಾಗ ಸ್ಕೂಟರ್ ಬಂದು ನಿಂತಿತು.

"ಯಾಕ್ ಸಾ, ಅಷ್ಟೊಂದ್ ಕಿತಾ ಫೋನ್ ಮಾಡಿದ್ರಿ?"

"ಮುನಿರಾಜಣ್ಣ, ನಾನು ಕೊಟ್ಟ ಆಯಿಲ್ ಯಾವ ಬಣ್ಣ ಇತ್ತು?"

"ಬಣ್ಣ ಕೇಳಕ್ಕಾ? ನಾನೆಲ್ಲೋ ಮನೆ ಖಾಲಿ ಮಾಡ್ತಾರೆ ಅನ್ಕಂಡೆ" ಎಂದು ನಕ್ಕು ಅಂಗೈ ತೋರಿಸಿದರು. ಇದ್ದಿಲಿನಂತಿತ್ತು. "ಇಂಗೈತೆ ನೋಡಿ. ಶೆಟರ್ ಸಕ್ಕತ್ತಾಗಿ ಏಳ್ತೈತೆ." ಆಮೇಲೆ ಅವರ ಕಣ್ಣು ಬೇಸಿನ್ನಿನ ಮೇಲೆ ಬಿತ್ತು. "ಇದ್ಯಾಕ್ ಸಾ ಮತ್ತೆ ಇಳಿಸಿದ್ರಿ? ಇದ್ನೂ ಕೊಡ್ತೀರಾ?"

ಕೊಡಲಿಲ್ಲ. ಹಳೆಯದು ಅವರ ಶೆಟರ್ ಮೇಲಿದ್ದ ಮೇಲೆ, ಬೇಸಿನ್ನಿನಲ್ಲಿದ್ದದ್ದು ಕಪ್ಪಗಿದ್ದರೂ ಅಪ್ಪಟ ಹೊಸ ಆಯಿಲ್. ಬೋಲ್ಟ್ ಬಿಗಿ ಮಾಡಿ, ಧೂಳು ಬಿದ್ದಿರಬಹುದೆಂದು ಅದನ್ನು ಸೋಸಿ ಸೋಸಿ ವಾಪಸ್ ಇಂಜಿನ್ನಿಗೆ ಸುರಿಯುತ್ತಿದ್ದೆ. ರೇಷ್ಮೆ ಸೀರೆಯುಟ್ಟು ಕೆಳಗಿಳಿದ ಸುಮಾ ನನ್ನ ಕೈಯನ್ನೇ ನೋಡಿದಳು.

"ರೀ, ಅದು ನಮ್ಮ ಟೀ ಜರಡಿ ಅಲ್ವಾ?"

"ಹೊಸದು ತರ್ತೀನಿ."

"ತರ್ತೀರಾ. ತಂದ್ರಾ ಇಲ್ವಾ ಅಂತ ಆಮೇಲೆ ನನ್ನೇ ಕೇಳ್ತೀರಾ."

ಹೊಸಕೋಟೆಗೆ ಕಾರು ಒಮ್ಮೆಯೂ ಕೆಮ್ಮದೆ ಹೋಯಿತು, ಒಮ್ಮೆಯೂ ಕೆಮ್ಮದೆ ಬಂತು. ದಾರಿಯುದ್ದಕ್ಕೂ ಆಯಿಲ್ ದೀಪ ಹತ್ತೀತೆಂದು ನಾನು ಅದನ್ನೇ ನೋಡುತ್ತಿದ್ದೆ, ರಸ್ತೆಯನ್ನು ಸುಮಾ ನೋಡುತ್ತಿದ್ದಳು. ಮನೆಯ ಮುಂದೆ ಇಳಿಯುತ್ತಾ ಅವಳು ಮಾತು ಉಳಿಸಿಕೊಂಡಳು: "ಕಾರಲ್ಲಿ ಏನೂ ದೋಷ ಇಲ್ಲ ಕಣ್ರೀ. ಮಾರೋದು ಬೇಡ, ಇರ್ಲಿ." ಆಮೇಲೆ ಕಾರಿನ ತಂಟೆಗೆ ಹೋಗಬಾರದೆಂದು ನನಗೇನೋ ತಾಕೀತು ಮಾಡಿದಳು. ಈ ವರ್ಷ ಹೋಗಬೇಡಿ ಎಂದಳೋ, ಇನ್ನು ಮೇಲೆ ಹೋಗಲೇಬೇಡಿ ಎಂದಳೋ, ಸರಿಯಾಗಿ ನೆನಪಿಲ್ಲ. ನನ್ನ ನೆನಪನ್ನು ಎಂದೂ ನಂಬದ ನಾನು, ಇದೊಂದು ವಿಷಯದಲ್ಲಿ ಮಾತ್ರ ಮೊದಲನೆಯದೇ ನಿಜವೆಂದು, ಮರುಪರೀಕ್ಷೆಯಿಲ್ಲದೆ, ಪೂರ್ತಿಯಾಗಿ ನಂಬಿಬಿಟ್ಟಿದ್ದೇನೆ.